ಟ್ಯೂಬಿನ ಹಿಂಬದಿ

ಪುಟ್ಟಿ, ಯುಗಾದಿಗೆ ಬಂದಾಗ ನಿನ್ನ ಬ್ಯಾಗಿನಿಂದ ಒಂದು ಸಣ್ಣ ಟ್ಯೂಬ್ ಉರುಳಿ ಬಿತ್ತಲ್ಲ, ಅದರ ಮಾತು. ಹಾಸ್ಟೆಲಿನ ಗೆಳತಿ ಕೊಟ್ಟಳು, ವಾರದಲ್ಲೇ ಮೊಡವೆ ಕಲೆ ಹೋಯ್ತು ಮಾವ ಅಂದೆ. ಆ 'ವಾರದಲ್ಲೇ' ಕೇಳಿಯೇ ನನಗೆ ದಿಗಿಲಾದದ್ದು.

ಮೂವತ್ತು ವರ್ಷ ಮೆಡಿಕಲ್ ಅಂಗಡಿಯ ಗಲ್ಲಾದಲ್ಲಿ ಕೂತವನು ನಾನು. ಇಂಥ ಟ್ಯೂಬುಗಳನ್ನು ಚೀಟಿ ಕೇಳದೆ ನಾನೂ ಕೊಟ್ಟಿದ್ದೇನೆ, ಸುಳ್ಳು ಹೇಳಲಾರೆ. ಬೆಟಾಮೆಥಸೋನ್, ಮೊಮೆಟಸೋನ್, ಕ್ಲೋಬೆಟಸಾಲ್ ಎಲ್ಲವೂ ಸ್ಟೀರಾಯ್ಡ್. ಇಸುಬಿನಂಥ ಕಾಯಿಲೆಗೆ ಡಾಕ್ಟರು ದಿನ ಎಣಿಸಿ ಬರೆದುಕೊಡುವ ಔಷಧಿ. ಹಚ್ಚಿದರೆ ಚರ್ಮದಡಿಯ ರಕ್ತನಾಳಗಳು ಕುಗ್ಗುತ್ತವೆ, ಕೆಂಪು ಅಡಗುತ್ತದೆ, ಕನ್ನಡಿಯಲ್ಲಿ ಮುಖ ಬೆಳ್ಳಗಾದಂತೆ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವೇ ತೆಳ್ಳಗಾಗುತ್ತದೆ.

ನಮ್ಮಲ್ಲಿಗೆ ಬರುತ್ತಿದ್ದ ಒಬ್ಬಳು ಮದುವೆಗೆ ಮುಂಚೆ ಶುರುಮಾಡಿದವಳು, ಬಾಣಂತನ ಮುಗಿದರೂ ಬಿಟ್ಟಿರಲಿಲ್ಲ. ಒಂದು ಸಂಜೆ ಸೆರಗು ಸರಿಸಿ ಕೆನ್ನೆ ತೋರಿಸಿದಳು. ಕೆಂಪು ದಾರದ ಎಳೆ ಚೆಲ್ಲಿದ ಹಾಗೆ ನಾಳಗಳು, ಕಿವಿಯ ಬಳಿ ಹೊಸದಾಗಿ ಹುಟ್ಟಿದ ನವಿರು ಕೂದಲು. "ಬಿಟ್ಟರೆ ಉರಿಯುತ್ತೆ ಅಣ್ಣ, ಇನ್ನೊಂದು ಕೊಡಿ" ಅಂದಳು. ಅವತ್ತು ಕೊಡಲಿಲ್ಲ. ಅದಕ್ಕೆ ಮುಂಚಿನವು ಎಷ್ಟೋ ನನ್ನ ಕೈಯಿಂದಲೇ ಹೋಗಿದ್ದವು.

2018ರಲ್ಲಿ ಸರ್ಕಾರ ಹಚ್ಚುವ ಸ್ಟೀರಾಯ್ಡ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಕಾಗದದ ಮೇಲಿನ ಮಾತು ಅಂಗಡಿಗೆ ಇಳಿಯುವುದು ನಿಧಾನ. ಆದ್ದರಿಂದ ನೀನೇ ಟ್ಯೂಬು ತಿರುಗಿಸಿ ನೋಡು. ಮೂಲೆಯಲ್ಲಿ 'ಆರ್‌ಎಕ್ಸ್' ಗುರುತಿದ್ದರೆ, ಹೆಸರಿನ ಬಾಲದಲ್ಲಿ 'ಸೋನ್' ಅಥವಾ 'ಸಾಲ್' ಇದ್ದರೆ ಪೌಡರ್ ಪಕ್ಕದಲ್ಲಿ ಇಡುವ ಸಾಮಾನಲ್ಲ ಅದು. ಹಿಂಬದಿಯಲ್ಲಿ ಏನೂ ಬರೆಯದ, ಮುಖ ಬಿಳಿ ಮಾಡುವ ಕ್ರೀಮಿನ ಡಬ್ಬಿ ಇನ್ನೂ ಕೆಟ್ಟದ್ದು. ಕೆಲವದರಲ್ಲಿ ಪಾದರಸ ಇರುತ್ತದೆ, ಅದು ಮೂತ್ರಪಿಂಡಕ್ಕೇ ಕೈಹಾಕುತ್ತದೆ.

ಔಷಧಿ ಮಾತ್ರವಲ್ಲ, ದಿನ ಬಳಸುವ ಸಾಮಾನೂ ಚರ್ಮ ಕೆಡಿಸಬಹುದು. ನಿನ್ನ ಅಮ್ಮನಿಗೂ ಹೇಳು: ಹೊಸ ಹೇರ್‌ಡೈ ತಂದರೆ ಮೊದಲು ಕಿವಿಯ ಹಿಂದೆ ಒಂದು ಚುಕ್ಕಿ ಇಟ್ಟು 48 ಗಂಟೆ ಕಾಯಲಿ. ದೊಡ್ಡಮ್ಮನ ಹಣೆಯ ಬಿಳಿ ಮಚ್ಚೆ ಸ್ಟಿಕ್ಕರ್ ಬೊಟ್ಟಿನ ಅಂಟಿನದು ಅಂತ ಚರ್ಮದ ಡಾಕ್ಟರು ಹೇಳಿದಾಗ ಮನೆಯಲ್ಲಿ ಯಾರೂ ನಂಬಲಿಲ್ಲ.

ಈಗ ಹೆದರಿ ಒಮ್ಮೆಗೇ ನಿಲ್ಲಿಸಿಬಿಡಬೇಡ, ಉರಿ ಮರುಕಳಿಸಿದರೆ ಮತ್ತೆ ಅದನ್ನೇ ಹುಡುಕುತ್ತೀಯ. ಈ ಶನಿವಾರ ಊರಿಗೆ ಬಾ, ಚರ್ಮದ ಡಾಕ್ಟರ ಹತ್ತಿರ ಹೋಗೋಣ. ಖಾಲಿಯಾಗಿದ್ದರೂ ಸರಿ, ಟ್ಯೂಬು ತರಲು ಮರೆಯಬೇಡ. ಅವರು ಕೇಳಿದರೆ, ಅಂಗಡಿಯವನ ಕಥೆ ನಾನೇ ಹೇಳುತ್ತೇನೆ.