ಹೂವಿನ ಛಾಯಾಚಿತ್ರ: ಹಗಲ ಬೆಳಕು ಮತ್ತು ಕಪ್ಪು ಹಿನ್ನೆಲೆ

ಸಂಸ್ಕೃತದ ‘ಛಾಯಾ’ ಶಬ್ದಕ್ಕೆ ನೆರಳೆಂಬ ಅರ್ಥವಿರುವಂತೆಯೇ ಕಾಂತಿಯೆಂಬ ಅರ್ಥವೂ ಉಂಟು. ಕಪ್ಪು ಹಿನ್ನೆಲೆಯಲ್ಲಿ ತೆಗೆದ ಹೂವಿನ ಛಾಯಾಚಿತ್ರದಲ್ಲಿ ಈ ಎರಡು ಅರ್ಥಗಳೂ ಒಂದೆಡೆ ಸೇರುತ್ತವೆ. ನೆರಳು ಹಿಂದೆ ಸರಿದು ನಿಂತಾಗಲೇ ಎಸಳಿನ ಕಾಂತಿ ಕಣ್ಣಿಗೆ ಕಾಣಿಸುತ್ತದೆ.

ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ (1865–1932) ಈ ಮಾರ್ಗದ ಹಿರಿಯರಲ್ಲೊಬ್ಬನು. ವೃತ್ತಿಯಿಂದ ಆತನು ಬರ್ಲಿನ್ನಿನ ಕಲಾಶಾಲೆಯ ಅಧ್ಯಾಪಕ. ಸಸ್ಯಗಳ ಆಕಾರವನ್ನು ನೋಡಿ ಶಿಲ್ಪವಿನ್ಯಾಸ ಮಾಡುವುದನ್ನು ಮೂರು ದಶಕಗಳ ಕಾಲ ಕಲಿಸಿದನು. ಮೊಗ್ಗು ಕಿರಿದು, ಹೂ ಬೇಗನೆ ಬಾಡುವುದು. ತರಗತಿಯ ಎಲ್ಲರಿಗೂ ಅದನ್ನು ತೋರಿಸುವುದು ದುಸ್ಸಾಧ್ಯ. ಈ ಕೊರತೆಯನ್ನು ನೀಗಲೆಂದು ತಾನೇ ಕ್ಯಾಮೆರಾ ಕಟ್ಟಿಕೊಂಡು, ಬಿಳಿ, ಬೂದು ಅಥವಾ ಕಪ್ಪು ರಟ್ಟಿನ ಮುಂದೆ ಸಸ್ಯಗಳನ್ನಿರಿಸಿ, ಮೃದುವಾದ ಹಗಲ ಬೆಳಕಿನಲ್ಲಿ ಅವುಗಳ ದೊಡ್ಡ ಚಿತ್ರಗಳನ್ನು ತೆಗೆದನು. ಪಾಠೋಪಕರಣವಾಗಿ ಹುಟ್ಟಿದ ಈ ಚಿತ್ರಗಳು 1928ರಲ್ಲಿ ಗ್ರಂಥರೂಪದಲ್ಲಿ ಹೊರಬಂದಾಗ ಅಧ್ಯಾಪಕನು ಲೋಕಪ್ರಸಿದ್ಧ ಕಲಾವಿದನಾದನು.

ಈ ವಿಧಾನಕ್ಕೆ ಬೇಕಾದ ಸಾಮಗ್ರಿ ಅಲ್ಪ: ಒಂದು ಕಿಟಕಿ, ಒಂದು ಕಪ್ಪು ಬಟ್ಟೆ, ಒಂದು ಬಿಳಿಯ ರಟ್ಟು. ನೇರ ಬಿಸಿಲು ಬೀಳದ ಕಿಟಕಿಯೇ ಉತ್ತಮ. ಹೂವಿನ ಕುಂಡವನ್ನು ಕಿಟಕಿಯ ಸಮೀಪದಲ್ಲಿಟ್ಟು, ಬಟ್ಟೆಯನ್ನು ನಾಲ್ಕಾರು ಅಡಿ ಹಿಂದೆ, ಕಿಟಕಿಯ ಬೆಳಕು ತಲುಪದಂತೆ ಇಳಿಬಿಡತಕ್ಕದ್ದು. ಹೊಳಪಿನ ಬಟ್ಟೆ ಬೆಳಕನ್ನು ಮರಳಿಸುವುದರಿಂದ ಅಯೋಗ್ಯ. ಮಕಮಲ್ಲು ಬೆಳಕನ್ನು ಹೀರುವುದರಿಂದ ಶ್ರೇಷ್ಠ. ಬೆಳಕು ಪಕ್ಕದಿಂದ ಬಂದರೆ ಎಸಳಿನ ಏರುತಗ್ಗುಗಳೂ, ಹಿಂಬದಿಯ ಓರೆಯಿಂದ ಬಂದರೆ ಅದರ ನರಗಳೂ ತೋರುವುವು. ನೆರಳಿನ ಮಗ್ಗುಲು ಅತಿಯಾಗಿ ಕಪ್ಪಿಟ್ಟರೆ ಅಲ್ಲಿಗೆ ಬಿಳಿಯ ರಟ್ಟನ್ನು ಹಿಡಿಯಬೇಕು. ತೋಟದಲ್ಲಾದರೆ, ಎಳೆಬಿಸಿಲು ಬಿದ್ದ ಹೂವಿನ ಹಿಂದೆ ಮರದ ದಟ್ಟ ನೆರಳು ಬರುವಂತೆ ನಿಂತರೆ ಬಟ್ಟೆಯೂ ಬೇಡ, ಹೂ ಕೀಳುವುದೂ ಬೇಡ.

ಇಲ್ಲಿ ಮುಖ್ಯವಾಗಿ ಅರಿಯಬೇಕಾದುದು ಕ್ಯಾಮೆರಾದ ಭ್ರಮೆ. ಅದರ ಬೆಳಕಿನ ಮಾಪಕವು ತನ್ನೆದುರಿನ ದೃಶ್ಯವು ಒಟ್ಟಿನಲ್ಲಿ ನಡುಬೂದು ಬಣ್ಣದ್ದೆಂದು ಭಾವಿಸುತ್ತದೆ. ಚೌಕಟ್ಟಿನ ಬಹುಭಾಗ ಕಪ್ಪಾಗಿದ್ದರೆ ಆ ಕಪ್ಪನ್ನು ಬೂದಾಗಿಸಲು ಹವಣಿಸಿ, ಬೆಳಕನ್ನು ಮಿತಿಮೀರಿ ಒಳಗೆ ಬಿಡುತ್ತದೆ. ಪರಿಣಾಮವಾಗಿ ಮಲ್ಲಿಗೆ, ನಂದಿಬಟ್ಟಲಿನಂತಹ ಬಿಳಿಯ ಹೂ ಗೆರೆಯಿಲ್ಲದ ಬರಿಯ ಬಿಳಿಯ ಮಚ್ಚೆಯಾಗುತ್ತದೆ. ಒಮ್ಮೆ ಹೀಗೆ ಅಳಿದ ಸೂಕ್ಷ್ಮರೇಖೆಗಳು ಮುಂದೆ ಯಾವ ತಿದ್ದುಪಡಿಯಿಂದಲೂ ಮರಳಿ ಬಾರವು. ಆದ್ದರಿಂದ ಮಾಪಕವು ಹೇಳಿದುದಕ್ಕಿಂತ ಒಂದೆರಡು ಹಂತ ಬೆಳಕನ್ನು ತಗ್ಗಿಸತಕ್ಕದ್ದು. ಒಂದು ಹಂತವೆಂದರೆ ಬೆಳಕು ಅರ್ಧವಾಗುವುದೆಂದು ಅರ್ಥ. ಮೊಬೈಲ್ ಫೋನಿನಲ್ಲಾದರೆ ತೆರೆಯ ಮೇಲೆ ಹೂವನ್ನು ಮುಟ್ಟಿ ಪ್ರಕಾಶವನ್ನು ಇಳಿಸಬಹುದು. ಎಸಳಿನ ಗೆರೆಗಳು ಉಳಿದಿವೆಯೇ ಎಂಬುದೇ ಪರೀಕ್ಷೆ; ಹಿನ್ನೆಲೆ ತಾನಾಗಿಯೇ ಕಪ್ಪಾಗುತ್ತದೆ.

ಶಾಲೆಗಳಲ್ಲಿ ಈ ಅಭ್ಯಾಸಕ್ಕೆ ವಿಶೇಷ ಪ್ರಯೋಜನವಿದೆ. ದಾಸವಾಳಕ್ಕೆ ಐದು ಎಸಳೆಂದು ಬಾಯಿಪಾಠ ಒಪ್ಪಿಸುವ ಬಾಲಕನು, ಅವು ಒಂದರ ಅಂಚನ್ನೊಂದು ಹೊದ್ದು ಸುರುಳಿಯಾಗಿ ಅರಳುವುದನ್ನು ಗಮನಿಸಿರುವುದಿಲ್ಲ. ಚಿತ್ರ ತೆಗೆಯುವ ಮುನ್ನ ಕಂಡುದನ್ನು ಬರೆಯಿಸಿ, ತೆಗೆದ ಮೇಲೆ ಚಿತ್ರದೊಡನೆ ಹೋಲಿಸಲು ಹೇಳಿದರೆ, ಹೆಸರು ಬಲ್ಲುದಕ್ಕೂ ಹೂವನ್ನು ಬಲ್ಲುದಕ್ಕೂ ಇರುವ ಅಂತರವನ್ನು ಆತನೇ ಕಂಡುಕೊಳ್ಳುವನು. ಬ್ಲಾಸ್‌ಫೆಲ್ಟನು ಕ್ಯಾಮೆರಾವನ್ನು ಕೈಗೆತ್ತಿಕೊಂಡದ್ದೂ ಶಿಷ್ಯರಿಗೆ ಈ ನೋಟವನ್ನು ಕಲಿಸಲೆಂದೇ.