ಕಡಲಿಗಿಳಿಯುವ ಮುನ್ನ

ಕೊಚ್ಚಿಯ ಚೆರಾಯಿಗೂ ತಿರುವನಂತಪುರದ ಕೋವಳಕ್ಕೂ ರಜೆಗೆಂದು ಹೊರಡುವ ನಮ್ಮ ಕನ್ನಡ ಕುಟುಂಬಗಳು ಶಾರ್ಕ್‌ಗೆ ಅಂಜುವುದುಂಟು. ಆದರೆ ದೊಡ್ಡ ಬಿಳಿ ಶಾರ್ಕ್ ಹೆಚ್ಚಾಗಿ ದಕ್ಷಿಣ ಆಫ್ರಿಕ, ಆಸ್ಟ್ರೇಲಿಯಗಳ ತಂಪು ಕಡಲುಗಳ ಜೀವಿ. 2001ರಿಂದ ಕಾನೂನಿನ ರಕ್ಷಣೆ ಪಡೆದಿರುವ ನಮ್ಮ ತಿಮಿಂಗಿಲ ಶಾರ್ಕ್ ಸಾಧುಪ್ರಾಣಿ. ಇಲ್ಲಿ ಮುಖ್ಯವಾಗಿ ಅಂಜಬೇಕಾದುದು ಸೆಳವಿಗೆ.

ಸೆಳವಿಗೆ ಸಿಕ್ಕವರು ಅದಕ್ಕೆದುರಾಗಿ ಈಜಿ ಬಳಲಬಾರದು. ತೇಲುತ್ತ ಕೈಯೆತ್ತಿ ನೆರವು ಕೋರಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾಂತರವಾಗಿ ಈಜಿ ಹೊರಬರಬೇಕು.

ಈಟಿಯಿಂದ ಮೀನು ಹಿಡಿಯಲು ಮುಳುಗುವವರು ಒಂಟಿಯಾಗಿ ಇಳಿಯಬಾರದು. ರಕ್ತ ಸೋರುವ ಮೀನನ್ನು ಸೊಂಟಕ್ಕೆ ಕಟ್ಟಿಕೊಳ್ಳದೆ ಕೂಡಲೇ ದೋಣಿಗೆ ದಾಟಿಸಬೇಕು. ಶಾರ್ಕ್ ಎದುರಾದರೆ ಮೀನನ್ನು ಬಿಟ್ಟು, ಅದರ ಮೇಲೆ ಕಣ್ಣಿಟ್ಟು, ಮೆಲ್ಲನೆ ಹಿಂದೆ ಸರಿಯಬೇಕು. ತೊರಕೆ ಮೀನಿನ ಮುಳ್ಳು ಚುಚ್ಚಿದರೆ ಗಾಯವನ್ನು ತಾಳಬಹುದಾದಷ್ಟು ಬಿಸಿನೀರಿನಲ್ಲಿ ಅದ್ದಿ, ವೈದ್ಯರನ್ನು ಕಾಣಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ, ಕೆಂಪು ಬಾವುಟ ಹಾರುವಾಗ, ನೀರಿಗಿಳಿಯದಿರುವುದೇ ವಿವೇಕ.