ಇಟಾಲಿಯನ್ ಕ್ರಿಯಾಪದ: ಬಿಡಿಸುವುದು ಹೇಗೆ, ಒತ್ತುವುದು ಎಲ್ಲಿ?

ಕನ್ನಡದಲ್ಲಿ ‘ಬಳೆ’ಯ ಮೊದಲ ಸ್ವರವನ್ನು ಎಳೆದರೆ ‘ಬಾಳೆ’ ಆಗುತ್ತದೆ. ಇಟಾಲಿಯನ್ ಭಾಷೆಯಲ್ಲಿ ಹೀಗೆ ಅರ್ಥ ಬದಲಿಸುವ ಕೆಲಸವನ್ನು ಒತ್ತು ಮಾಡುತ್ತದೆ. ‘ಕಪಿತೊ’ ಎಂಬ ಪದವನ್ನೇ ನೋಡಿ. ‘ಕ’ವನ್ನು ಒತ್ತಿದರೆ ‘ನಾನು ಅಕಸ್ಮಾತ್ತಾಗಿ ಬರುತ್ತೇನೆ’, ‘ಪಿ’ಯನ್ನು ಒತ್ತಿದರೆ ‘ಅರ್ಥವಾಯಿತು’, ‘ತೊ’ವನ್ನು ಒತ್ತಿದರೆ ‘ಸಂಭವಿಸಿತು’. ಒತ್ತು ಕೊನೆಯ ಸ್ವರಕ್ಕೆ ಬಿದ್ದಾಗ ಮಾತ್ರ ಬರಹದಲ್ಲಿ ಗುರುತು ಹಾಕುವುದು ಕಡ್ಡಾಯ. ಉಳಿದ ಕಡೆ ಓದುಗನೇ ತಿಳಿದುಕೊಳ್ಳಬೇಕು.

ಮೊದಲು ಪದವನ್ನು ಉಚ್ಚಾರಾಂಶಗಳಾಗಿ, ಅಂದರೆ ಸಿಲೆಬಲ್‌ಗಳಾಗಿ, ಬಿಡಿಸಲು ಕಲಿಯೋಣ.

1. ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ಸ್ವರಕ್ಕೆ ಸೇರುತ್ತದೆ: ಅ-ಬಿ-ತೊ (ವಾಸಿಸುತ್ತೇನೆ).
2. ದ್ವಿತ್ವವನ್ನು ನಡುವೆ ಒಡೆಯಬೇಕು: ಲೆಗ್-ಗೊ (ಓದುತ್ತೇನೆ). ನಮ್ಮ ‘ಹಗ್ಗ’ದಂತೆಯೇ.
3. ಲ, ಮ, ನ, ರ ವ್ಯಂಜನಗಳ ನಂತರ ಬೇರೆ ವ್ಯಂಜನ ಬಂದರೆ ಅಲ್ಲಿಯೂ ಒಡೆಯಬೇಕು: ಪರ್-ಲೊ (ಮಾತನಾಡುತ್ತೇನೆ).
4. ‘ಸ’ಕಾರದ ನಂತರ ಬೇರೆ ವ್ಯಂಜನ ಬಂದರೆ ಎರಡೂ ಒಟ್ಟಿಗೆ ಮುಂದೆ ಹೋಗುತ್ತವೆ: ಕ-ಪಿ-ಸ್ಕೊ (ಅರ್ಥಮಾಡಿಕೊಳ್ಳುತ್ತೇನೆ). ‘ಪುಸ್-ತಕ’ ಎಂದು ಬಿಡಿಸುವ ನಾವು ಇಲ್ಲಿ ಎಚ್ಚರ ವಹಿಸಬೇಕು.

ಇನ್ನು ಒತ್ತು. ‘ಪರ್ಲರೆ’ ಎಂದರೆ ಮಾತನಾಡುವುದು. ಅದರ ವರ್ತಮಾನ ಕಾಲದ ರೂಪಗಳು ಹೀಗಿವೆ:

ನಾನು: ಪರ್-ಲೊ (ಒತ್ತು ‘ಪರ್’)
ನೀನು: ಪರ್-ಲಿ (‘ಪರ್’)
ಅವನು, ಅವಳು: ಪರ್-ಲ (‘ಪರ್’)
ನಾವು: ಪರ್-ಲ್ಯ-ಮೊ (‘ಲ್ಯ’)
ನೀವು: ಪರ್-ಲ-ತೆ (‘ಲ’)
ಅವರು: ಪರ್-ಲ-ನೊ (‘ಪರ್’)

‘ನಾವು’, ‘ನೀವು’ ರೂಪಗಳಲ್ಲಿ ಒತ್ತು ಪ್ರತ್ಯಯಕ್ಕೆ ಜಾರುತ್ತದೆ. ‘ಅವರು’ ರೂಪದಲ್ಲಿ ಮತ್ತೆ ಧಾತುವಿಗೆ ಮರಳುತ್ತದೆ. ಇಟಾಲಿಯನ್‌ನ ಹೆಚ್ಚಿನ ಪದಗಳಲ್ಲಿ ಒತ್ತು ಕೊನೆಯಿಂದ ಎರಡನೆಯ ಉಚ್ಚಾರಾಂಶಕ್ಕೆ ಬೀಳುವುದರಿಂದ, ಹೊಸಬರು ‘ಪರ್ಲನೊ’ದಲ್ಲಿ ‘ಲ’ವನ್ನು ಒತ್ತಿಬಿಡುತ್ತಾರೆ. ಅದು ತಪ್ಪು. ಸುಲಭ ಉಪಾಯವೆಂದರೆ, ‘ನಾನು’ ರೂಪದಲ್ಲಿ ಒತ್ತು ಎಲ್ಲಿದೆಯೋ ‘ಅವರು’ ರೂಪದಲ್ಲೂ ಅಲ್ಲೇ ಇಡಿ. ‘ಅ-ಬಿ-ತೊ’ದಲ್ಲಿ ಒತ್ತು ‘ಅ’ಕಾರಕ್ಕೆ; ಆದ್ದರಿಂದ ‘ಅ-ಬಿ-ತ-ನೊ’ದಲ್ಲೂ ‘ಅ’ಕಾರಕ್ಕೇ, ಕೊನೆಯಿಂದ ನಾಲ್ಕನೆಯದಾದರೂ ಸರಿ.

‘ಪರ್ಲೊ’ದ ಕೊನೆಯನ್ನು ಒತ್ತಿದರೆ ‘ಅವನು ಮಾತನಾಡಿದನು’ ಎಂದಾಗುತ್ತದೆ. ಕಾಲವೂ ಬದಲು, ಕರ್ತೃವೂ ಬದಲು! ಆದ್ದರಿಂದ ಹೊಸ ಕ್ರಿಯಾಪದವನ್ನು ಒತ್ತಿನ ಸಮೇತ ಬಾಯಿಪಾಠ ಮಾಡಿ.

ಅಭ್ಯಾಸ: ‘ಕಂತರೆ’ ಎಂದರೆ ಹಾಡುವುದು. ಇದರ ಆರು ರೂಪಗಳನ್ನು ಬಿಡಿಸಿ ಬರೆದು, ಒತ್ತು ಬೀಳುವ ಕಡೆ ಅಡಿಗೆರೆ ಎಳೆಯಿರಿ.